ಭಾವನ ಪೆಪ್ಟೈಡು, ಅಕ್ಕನ ಹುಗ್ಗಿ

ಬೆಂಗಳೂರಿನಲ್ಲಿ ಚಳಿಗಾಲ ಶುರುವಾಯಿತೆಂದು ಘೋಷಿಸುವ ಅಧಿಕಾರ ಇರುವುದು ಹವಾಮಾನ ಇಲಾಖೆಗಲ್ಲ, ನಮ್ಮ ಭಾವನಿಗೆ! ದೀಪಾವಳಿಯ ಎಣ್ಣೆನೀರು ಮುಗಿಸಿ ಬಚ್ಚಲಿನಿಂದ ಬಂದವರು ಬೀರು ತೆಗೆದು ಮಂಕಿಟೋಪಿ ಹಾಕಿಕೊಂಡರೆ ಮುಗಿಯಿತು. ಅದು ತಲೆಯಿಂದ ಇಳಿಯುವುದು ಯುಗಾದಿಗೇ. ಎದುರುಮನೆಯ ಹುಡುಗರು ಚಡ್ಡಿಯಲ್ಲಿ ಕ್ರಿಕೆಟ್ ಆಡುತ್ತಿರಲಿ, ಬಿಸಿಲು ಚುರುಗುಟ್ಟುತ್ತಿರಲಿ, ಭಾವನ ಪಾಲಿಗೆ ಜೆ.ಪಿ. ನಗರಕ್ಕೂ ಹಿಮಾಲಯಕ್ಕೂ ನಡುವೆ ಇರುವುದು ಎರಡು ಬಸ್ ಸ್ಟಾಪು, ಅಷ್ಟೇ.

ಈ ವರ್ಷ ಆ ಟೋಪಿಗೆ ಒಂದು ಹೊಸ ವೈಖರಿ ಬಂದಿತ್ತು. ಬಲಗಿವಿಯ ಕಡೆ ಮಾತ್ರ ಮೇಲಕ್ಕೆ ಮಡಿಚಿಕೊಂಡಿರುತ್ತಿತ್ತು. ಚಳಿಗೆ ಇಷ್ಟು ಹೆದರುವವರು ಒಂದು ಕಿವಿಯನ್ನು ಗಾಳಿಗೆ ಬಿಟ್ಟುಕೊಂಡು ಓಡಾಡುವುದೇ?

“ಇದೇನು ಭಾವ, ಅರ್ಧ ಟೋಪಿ?” ಎಂದು ಕೇಳಿದೆ.

“ವೆಂಟಿಲೇಷನ್ನು ಕಣಮ್ಮಾ” ಎಂದರು.

ಭಾವನ ಐಲುಗಳಿಗೆಲ್ಲ ಅರ್ಥ ಹುಡುಕುತ್ತ ಕುಳಿತರೆ ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ ಕುಕ್ಕರ್ ಇಡುವವರು ಯಾರು?

ಆದರೆ ಈ ಸಲ ಭಾವ ಚಳಿಗೆ ಹೆದರುತ್ತಿದ್ದುದು ತಮಗಾಗಿ ಅಲ್ಲ. ಹೋದ ಚಳಿಗಾಲದ ಕೊನೆಗೆ ಅಕ್ಕ ನ್ಯುಮೋನಿಯಾ ಆಗಿ, ಆಸ್ಪತ್ರೆ ಸೇರಿ, ಬಹಳ ಕಷ್ಟಪಟ್ಟು ಯುಗಾದಿ ಹೊತ್ತಿಗೆ ಮನೆಗೆ ಬಂದಿದ್ದಳು. ಕಳಿಸುವಾಗ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: “ಇನ್ನೊಂದು ಸಲ ಹೀಗಾದ್ರೆ ಇವರ ಶ್ವಾಸಕೋಶ ತಡೆಯಲ್ಲ ಸಾರ್. ಮುಂದಿನ ಚಳಿಗೆ ಮುಂಚೆ ಇಬ್ಬರೂ ಬಂದು ಲಸಿಕೆ ಹಾಕಿಸ್ಕೊಳಿ.”

ಅಕ್ಕ ಅಲ್ಲೇ ಪಟ್ಟು ಹಿಡಿದಳು. “ಪಾರ್ಕಿಂದ ನೆಗಡಿ ತರೋರು ಇವರು. ಇವರು ಹಾಕಿಸ್ಕೊಂಡ ದಿನಾನೇ ನಾನೂ.”

ಎಡವಟ್ಟಾದದ್ದು ಇಲ್ಲಿಯೇ. ಭಾವನಿಗೆ ಸೂಜಿ ಕಂಡರೆ ಪ್ರಾಣ ಹೋಗುತ್ತದೆ! ಡಾಕ್ಟರ ಸೂಜಿಯ ಮಾತಿರಲಿ, ಒಮ್ಮೆ ಅಕ್ಕ ಅಂಗಿಗೆ ಗುಂಡಿ ಹೊಲಿಯುತ್ತಿದ್ದುದನ್ನು ನೋಡಿ ಗೋಡೆ ಹಿಡಿದುಕೊಂಡು ನೀರು ಕೇಳಿದವರು ಅವರು.

ಸೂಜಿಯಿಲ್ಲದ ದಾರಿ ಯಾವುದಾದರೂ ಇದೆಯೇ ಎಂದು ಹುಡುಕುತ್ತಿದ್ದವರಿಗೆ ಪಾರ್ಕಿನ ವಾಕಿಂಗ್ ಗೆಳೆಯರೊಬ್ಬರು ‘ಪೆಪ್ಟೈಡ್’ ಎಂಬ ಮಂತ್ರ ಉಪದೇಶಿಸಿದರು. ಚಳಿಗಾಲದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿಯಂತೆ! ಮೂರನೆಯ ದಿನಕ್ಕೆ ಮನೆಗೆ ಡಬ್ಬ ಬಂತು. ನಾನು ಹೋದಾಗ ಉಪನ್ಯಾಸ ನಡೆದಿತ್ತು.

“ನೋಡಮ್ಮಾ, ಪ್ರೋಟೀನ್ ಅಂದ್ರೆ ಒಂದು ಮಾರು ಮಲ್ಲಿಗೆ ಅನ್ಕೋ. ಅದನ್ನ ಚಿಕ್ಕಚಿಕ್ಕ ತುಂಡು ಮಾಡಿದ್ರೆ ಪೆಪ್ಟೈಡು. ತುಂಡಾಗಿರೋದ್ರಿಂದ ಸರಕ್ಕಂತ ರಕ್ತಕ್ಕೆ ಇಳಿಯತ್ತೆ. ಒಳಗೆ ಮಲಗಿರೋ ಸೈನಿಕರನ್ನ ಎಬ್ಬಿಸತ್ತೆ.”

“ತುಂಡು ಮಾಡೋಕೆ ನನಗೆ ಹಲ್ಲಿಲ್ವಾ?” ಎಂದಳು ಅಕ್ಕ, ಹಿತಕಿದ ಅವರೆಬೇಳೆ ತೊಳೆಯುತ್ತಾ. “ಸೈನಿಕರು ಎದ್ರೆ ಅವರಿಗೂ ಕಾಫಿ ನಾನೇ ಮಾಡ್ಬೇಕೇನೋ!”

ಹೀಗೆ ಹೇಳಿದಳೇ ಹೊರತು ಕುಡಿಯದೆ ಬಿಡಲಿಲ್ಲ. ಬೆಳಗಿನ ಹಾಲಿಗೆ ಒಂದು ಚಮಚ, ಸಾರಿಗೆ ಒಂದು, ದೋಸೆ ಹಿಟ್ಟಿಗೆ ಎರಡು! ಒಂದು ದಿನ ಹೆಂಚಿನ ಮೇಲಿನ ದೋಸೆ ಏಳುವುದೇ ಇಲ್ಲ ಎಂದು ಹಟ ಹಿಡಿಯಿತು. “ನೋಡಿದ್ಯಾ ನಿರೋಧಕ ಶಕ್ತಿ!” ಎಂದು ಭಾವ ಹಿಗ್ಗಿದರು. ಅಕ್ಕ ಸಟ್ಟುಗದಿಂದ ಅದನ್ನು ಕೆರೆದು ಕೆರೆದು ತಟ್ಟೆಗೆ ಹಾಕಿದಳು. ನಾವು ಅದನ್ನು ಉಪ್ಪಿಟ್ಟಿನಂತೆ ತಿಂದೆವು.

ಇನ್ನೊಂದು ಮಾತು ಹೇಳಬೇಕು. ಭಾವ ಕೆಲಸ ಮಾಡಿ ನಿವೃತ್ತರಾದದ್ದು ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ. ಅವರು ನೋಡಿ ಚೀಟಿ ಅಂಟಿಸದೆ ಒಂದು ಬೋಲ್ಟೂ ಗೇಟು ದಾಟುತ್ತಿರಲಿಲ್ಲವಂತೆ. ಕೆಲಸ ಬಿಟ್ಟರೂ ಚಟ ಬಿಟ್ಟಿಲ್ಲ. ಮನೆಗೆ ಬಂದ ಪ್ರತಿಯೊಂದು ಡಬ್ಬಕ್ಕೂ ‘ಪರಿಶೀಲಿಸಲಾಗಿದೆ’ ಎಂದು ತಮ್ಮ ಕೈಬರಹದ ಚೀಟಿ ಅಂಟಿಸುತ್ತಾರೆ. ಮೆಂತ್ಯದ ಡಬ್ಬಕ್ಕೂ ಉಂಟು, ಹಪ್ಪಳದ ಡಬ್ಬಕ್ಕೂ ಉಂಟು. ಪೆಪ್ಟೈಡಿಗೆ ಇಲ್ಲದಿದ್ದರೆ ಹೇಗೆ?

ಧನುರ್ಮಾಸ ಬಂತು. ಅಕ್ಕನ ಮಡಿಯ ಬಗ್ಗೆ ಏನು ಹೇಳಲಿ? ಮೊಟ್ಟೆ ಅಂಗಡಿಯ ಪಕ್ಕದ ಗಾಡಿಯಲ್ಲಿ ತರಕಾರಿ ಕೊಂಡರೆ ಮೂರು ನೀರಿನಲ್ಲಿ ತೊಳೆಯುವವಳು ಅವಳು. ಧನುರ್ಮಾಸದ ಬೆಳಗಿನ ಹುಗ್ಗಿಯಂತೂ ಸಾಕ್ಷಾತ್ ದೇವರಿಗೆ. ಅಂಥ ಒಂದು ಬೆಳಿಗ್ಗೆ ನಾನೂ ಹೋದೆ. ಮೆಣಸು, ತುಪ್ಪ, ಹೆಸರುಬೇಳೆ ಘಮಘಮಿಸುತ್ತಿತ್ತು. ಎರಡನೆಯ ಸಲ ಬಡಿಸಿಕೊಂಡೆ.

“ಹೇಗಿದೆ?” ಎಂದರು ಭಾವ, ಕಣ್ಣು ಮಿಟುಕಿಸುತ್ತಾ. “ಹುಗ್ಗಿಗೂ ಎರಡು ಚಮಚ ಹಾಕಿದೀನಿ. ನಿಮ್ಮನೆಗೂ ಒಂದು ಡಬ್ಬ ತರಿಸು. ಫೋಟೋ ತಗೋ.”

ಒಲೆಯ ಪಕ್ಕದಲ್ಲಿದ್ದ ಡಬ್ಬ ಎತ್ತಿಕೊಂಡೆ. ಹುಗ್ಗಿಯ ಹಬೆಗೆ ‘ಪರಿಶೀಲಿಸಲಾಗಿದೆ’ ನೆನೆದು ಜೋತುಬಿದ್ದಿತ್ತು. ಸರಿಮಾಡೋಣವೆಂದು ಮುಟ್ಟಿದರೆ ಕಿತ್ತು ಕೈಗೇ ಬಂತು. ಅದರ ಕೆಳಗೆ ಮಾಂಸಾಹಾರದ ಕಂದು ಗುರುತು! ಅದರ ಪಕ್ಕದಲ್ಲಿ ಸಣ್ಣ ಅಕ್ಷರ: ಮೀನಿನ ಚರ್ಮದಿಂದ ತಯಾರಿಸಿದ್ದು!

ಬಾಯಲ್ಲಿದ್ದ ತುತ್ತು ಒಳಗೂ ಹೋಗದೆ ಹೊರಗೂ ಬರದೆ ನಿಂತುಬಿಟ್ಟಿತು. ಡಬ್ಬವನ್ನು ಭಾವನ ಕಡೆ ತಿರುಗಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿ ಮತ್ತೆ ಓದಿದರು. ಜೀವಮಾನವೆಲ್ಲ ಬೇರೆಯವರ ತಪ್ಪು ಹಿಡಿದವರು, ನೋಡಲೇಬೇಕಾಗಿದ್ದ ಒಂದೇ ಒಂದು ಗುರುತಿನ ಮೇಲೆ ತಮ್ಮ ಚೀಟಿಯನ್ನೇ ಅಂಟಿಸಿದ್ದರು!

“ಡಬ್ಬದ ಮೇಲಿರೋ ಈ ಅಲೆ ಚಿತ್ರ ನೋಡಿ... ಆರೋಗ್ಯದ ಅಲೆ ಅನ್ಕೊಂಡಿದ್ದೆನಲ್ಲಮ್ಮಾ” ಎಂದರು. ಮುಖ ಬಿಳಿಚಿಕೊಂಡಿತ್ತು. “ಇವಳ ಮಡಿ, ಪೂಜೆ, ನೈವೇದ್ಯ ಎಲ್ಲಾ ಹಾಳು ಮಾಡ್ಬಿಟ್ನಲ್ಲ. ಹೇಗೆ ಹೇಳ್ಲಿ ನಾನು?”

ಹೇಳುವ ಅಗತ್ಯ ಬೀಳಲಿಲ್ಲ. ಅಕ್ಕ ದೇವರ ಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ನೈವೇದ್ಯ ಆದ್ಮೇಲೇ ನಿಮ್ಮ ಚಮಚ ಪಾತ್ರೆಗೆ ಇಳಿಯೋ ಹಾಗೆ ನೋಡ್ಕೊಂಡಿದೀನಿ. ದೇವರಿಗೆ ಇಮ್ಯುನಿಟಿ ಬೇಡ” ಎಂದಳು ತಣ್ಣಗೆ.

“ಹಾಗಾದ್ರೆ... ನಿನಗೆ ಗೊತ್ತಿತ್ತಾ?”

“ಚೀಟಿ ಅಂಟಿಸೋಕೆ ಮುಂಚೆ ಡಬ್ಬ ಒರೆಸಿ ಕೊಟ್ಟಿದ್ದು ಯಾರು? ನಾನೇ ಅಲ್ವಾ?”

ನಾನು ತಟ್ಟೆಯನ್ನು ದೂರ ತಳ್ಳಿದೆ. “ಗೊತ್ತಿದ್ದೂ ದಿನಾ ಕುಡಿದ್ಯಾ ಅಕ್ಕಾ? ಗೊತ್ತಿದ್ದೂ ನನಗೂ ಬಡಿಸಿದ್ಯಾ?”

“ನಿನ್ನನ್ನ ಯಾರೇ ಎರಡನೇ ಸಲ ಹಾಕಿಸ್ಕೋ ಅಂದಿದ್ದು?” ಎಂದಳು. ಆಮೇಲೆ ಭಾವನ ಕಡೆ ತಿರುಗಿದಳು. “ನಾನು ಲೋಟ ಖಾಲಿ ಮಾಡಿದ ಮೇಲೆ ನಿಮ್ಮ ಮುಖ ಒಂಚೂರು ಸಡಿಲ ಆಗತ್ತೆ. ಅದಕ್ಕೇ ಕುಡಿದೆ. ನಿಮಗೋಸ್ಕರ ನಾನು ಮೀನು ಕುಡಿದಿದೀನಿ. ನನಗೋಸ್ಕರ ನೀವು ಒಂದು ಸೂಜಿ ಚುಚ್ಚಿಸ್ಕೊಳಲ್ವಾ?”

ಭಾವ ಡಬ್ಬದ ಮುಚ್ಚಳ ಬಿಗಿದು ಚೀಲಕ್ಕೆ ಹಾಕಿಕೊಂಡರು, ಚಪ್ಪಲಿ ಹುಡುಕಿದರು.

ಆವತ್ತೇ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಡಬ್ಬ ನೋಡಿ, ಭಾವನ ಸೈನಿಕರ ಕಥೆ ಕೇಳಿ ನಕ್ಕರು. “ಇದು ಹೊಟ್ಟೆಗೆ ಹೋದ್ರೆ ಬೇಳೆ ಥರಾನೇ ಜೀರ್ಣ ಆಗತ್ತೆ ಸಾರ್. ಸೈನಿಕರನ್ನೆಲ್ಲ ಎಬ್ಬಿಸತ್ತೆ ಅನ್ನೋಕೆ ಆಗಲ್ಲ. ಅವರೆಕಾಳು ತಿನ್ನಿ. ಈಗ ತೋಳು ಕೊಡಿ.”

ಭಾವ ಮಂಕಿಟೋಪಿಯನ್ನು ಹಿಂದುಮುಂದು ಮಾಡಿ ಕಣ್ಣು, ಮೂಗು ಎಲ್ಲ ಮುಚ್ಚಿಕೊಂಡರು. ಒಂದು ಕೈ ನರ್ಸಿಗೆ, ಇನ್ನೊಂದು ಅಕ್ಕನಿಗೆ. ಟೋಪಿಯೊಳಗಿಂದ ವಿಷ್ಣುಸಹಸ್ರನಾಮ ಕೇಳಿಸುತ್ತಿತ್ತು. ಅವರು ಹತ್ತು ನಾಮ ದಾಟುವ ಮೊದಲೇ ನರ್ಸು “ಆಯ್ತು ಅಂಕಲ್” ಎಂದಳು. “ಯಾವಾಗ?” ಎಂದಿತು ಟೋಪಿ. ಆಮೇಲೆ ಅಕ್ಕನ ತೋಳಿನ ಸರದಿ. ಅವಳು ಹುಬ್ಬೂ ಗಂಟಿಕ್ಕಲಿಲ್ಲ.

ಹೊರಗೆ ಬಂದು ಆಟೋಗೆ ಕಾಯುತ್ತ ನಿಂತಾಗ ಅಕ್ಕ ಅವರ ಟೋಪಿಯನ್ನು ನೆಟ್ಟಗೆ ಮಾಡಿದಳು. ಮಡಿಚಿದ್ದ ಅಂಚನ್ನು ಕೆಳಗೆ ಎಳೆದು ಬಲಗಿವಿಯನ್ನು ಮುಚ್ಚಿದಳು.

“ವೆಂಟಿಲೇಷನ್ನು ಬೇಡ್ವಾ?” ಎಂದೆ ನಾನು, ನಗುತ್ತಾ.

“ಎಂಥ ವೆಂಟಿಲೇಷನ್ನೇ! ಆಸ್ಪತ್ರೆಯಿಂದ ಬಂದಾಗಿಂದ ಹೀಗೇ. ನಾನು ಮಲಗೋದು ಇವರ ಬಲಕ್ಕೆ. ರಾತ್ರಿ ನನ್ನ ಉಸಿರು ಕೇಳಿಸ್ತಿರಬೇಕಂತೆ.” ಆಮೇಲೆ ಅವರಿಗೆ, ಸಣ್ಣ ದನಿಯಲ್ಲಿ: “ಸೂಜಿ ಆಯ್ತಲ್ಲ. ಇವತ್ತಾದ್ರೂ ಎರಡೂ ಕಿವಿ ಮುಚ್ಕೊಂಡು ಮಲ್ಕೊಳಿ.”

“ಹೂಂ” ಎಂದರು ಭಾವ.

ಆಟೋ ಬಂತು. ಅಕ್ಕ ಮೊದಲು ಹತ್ತಿದಳು. ನಾನು ಹತ್ತುವ ಮೊದಲೇ ಭಾವ ನುಗ್ಗಿ ಅಕ್ಕನ ಎಡಕ್ಕೆ ಕುಳಿತರು. ಸಿಗ್ನಲ್ ದಾಟುವಷ್ಟರಲ್ಲಿ ಅವರ ಕೈ ಮೆಲ್ಲಗೆ ಮೇಲೆ ಹೋಗಿ ಟೋಪಿಯ ಬಲ ಅಂಚನ್ನು ಮತ್ತೆ ಮಡಿಚಿತು.