ಸಾಹೇಬರ ಮೇಜಿನ ಹುಡುಗಿ

ಊರಿಂದ ತಂದ ಗೋಡಂಬಿಯ ಪೊಟ್ಟಣವೊಂದನ್ನು ಸಾಹೇಬರ ಮೇಜಿನ ಮೇಲೆ ಗುಟ್ಟಾಗಿ ಇಟ್ಟು ಬರೋಣವೆಂದು ಮೋಹನದಾಸ್ ಹೊರಟದ್ದೇ ಎಲ್ಲ ಅನರ್ಥಕ್ಕೂ ಮೂಲವಾಯಿತು. ಪೊಟ್ಟಣ ಮೇಜು ಸೇರಿತು. ಅದನ್ನಿಡುವಾಗ ಮೊಣಕೈ ತಾಗಿ ಪಕ್ಕದಲ್ಲಿದ್ದ ಫೋಟೊ ಫ್ರೇಮು ನೆಲ ಸೇರಿತು. ಗಾಜು ಪುಡಿಪುಡಿ.

ಒಡೆಯುವುದಕ್ಕೆ ಅದಕ್ಕೆ ಬೇರೆ ದಿನವೇ ಸಿಕ್ಕಲಿಲ್ಲ. ದುಬೈಯ ಸಿಲಿಕಾನ್ ಓಯಸಿಸ್‌ನ ಆ ಕಂಪನಿಯ ಸ್ಟೋರಿನಲ್ಲಿ ಇದ್ದವರು ಇಬ್ಬರು, ಉಡುಪಿ ಕಡೆಯ ಮೋಹನದಾಸ್ ಮತ್ತು ಮಂಗಳೂರಿನ ಕ್ಯಾಮಿಲಸ್. ತೈಲದ ಬೆಲೆ ಬಿದ್ದ ವರ್ಷ ಅದು. ಇಬ್ಬರಲ್ಲಿ ಒಬ್ಬ ಸಾಕೆಂದು ಮೇಲಿನವರು ತೀರ್ಮಾನಿಸಿದ್ದರು. ಯಾವ ಒಬ್ಬ ಎಂಬುದನ್ನು ಹಾರ್ಟ್ಲಿ ಸಾಹೇಬರು ಆ ಗುರುವಾರ ಸಂಜೆ, ಅಬುಧಾಬಿಯ ಮೀಟಿಂಗ್ ಮುಗಿಸಿ ಬಂದು ಹೇಳುವವರಿದ್ದರು. ಕೆಲಸ ಹೋದರೆ ವೀಸಾ ಹೋಯಿತು. ವೀಸಾ ಹೋದರೆ ಹೆಂಡತಿ ಮಕ್ಕಳೂ ಗಂಟುಮೂಟೆ ಕಟ್ಟಬೇಕು. ಮಗ ಹರ್ಷಿತ್‌ಗೆ ಹತ್ತನೆಯ ತರಗತಿಯ ಪರೀಕ್ಷೆ ಎದುರಿಗೇ ಇತ್ತು. ಗೋಡಂಬಿಯಿಂದ ವೀಸಾ ಉಳಿದ ಚರಿತ್ರೆ ಎಲ್ಲೂ ಇಲ್ಲ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ತಾನೇ?

ಸದ್ದು ಕೇಳಿ ಕ್ಯಾಮಿಲಸ್ ಓಡಿ ಬಂದ.

"ಎಂತ ಮಾಡಿದಿ ಮಾರಾಯಾ! ಬಾಸ್‌ನ ಅಜ್ಜಿಯನ್ನೇ ಕೆಡವಿದಿಯಲ್ಲ!"

ಮೋಹನದಾಸ್ ಪಟವನ್ನು ಎತ್ತಿಕೊಂಡ. ರಾಣಿ ವಿಕ್ಟೋರಿಯಾಳ ಕಾಲದ ಕಂದುಬಣ್ಣದ ಪಟ. ರಟ್ಟಿನ ಅಂಚಿನಲ್ಲಿ ಲಂಡನ್ನಿನ ಯಾವುದೋ ಸ್ಟುಡಿಯೊದ ಬಂಗಾರದಕ್ಷರ. ಐದಾರು ವರ್ಷದ ಮಗು. ಲೇಸಿನ ಬಿಳಿ ಫ್ರಾಕು, ಸೊಂಟಕ್ಕೆ ಅಗಲ ಪಟ್ಟಿ, ಸಾಲುಗುಂಡಿಯ ಬೂಟು, ಭುಜದ ತನಕ ಸುರುಳಿ ಸುರುಳಿ ಕೂದಲು. ಕೈಯಲ್ಲೊಂದು ಆಟದ ಚಾಟಿ. ಮುಖ ಮಾತ್ರ ಆಗಷ್ಟೇ ಹರಳೆಣ್ಣೆ ಕುಡಿಸಿದ ಹಾಗಿತ್ತು.

"ಬರೀ ಗಾಜು ಹಾಕಿಸಿದ್ರೆ ನೀನು ಒಡೆದವ ಆಗ್ತಿ," ಎಂದ ಕ್ಯಾಮಿಲಸ್. "ಕಲರ್ ಮಾಡಿಸಿ, ದೊಡ್ಡ ಪ್ರಿಂಟ್ ಹಾಕಿಸಿ ಗಿಫ್ಟ್ ಕೊಟ್ಟರೆ ಪ್ರೀತಿಯವ ಆಗ್ತಿ. ಊದ್ ಮೇಥಾದಲ್ಲಿ ನಮ್ಮ ವಿಕ್ಟರ್‌ನ ಸ್ಟುಡಿಯೊ ಉಂಟು, ನಾನು ಫೋನ್ ಮಾಡ್ತೇನೆ. ಯಲ್ಲಾ, ಹೊರಡು!"

ಎದುರಾಳಿ ಕೊಟ್ಟ ಸಲಹೆಯನ್ನು ಯಾರೂ ನಂಬಬಾರದು, ನಿಜ. ಆದರೆ ಕೆಡುಕು ಬಗೆಯುವಷ್ಟು ಬುದ್ಧಿ ಕ್ಯಾಮಿಲಸ್‌ಗೆ ಇಲ್ಲವೆಂಬುದು ಇಡೀ ಕಂಪನಿಗೆ ಗೊತ್ತಿದ್ದ ಸಂಗತಿ. ಶಾರ್ಜಾಕ್ಕೆ ಹೋಗಬೇಕಾದ ಪೆಟ್ಟಿಗೆಗಳನ್ನು ಫುಜೈರಾಕ್ಕೆ ಕಳಿಸಿ, ಬೈಗಳು ಬಂದಾಗ "ಎರಡೂ ಇದೇ ದೇಶ ಅಲ್ವಾ?" ಎಂದವನು ಅವನು. ಮೋಹನದಾಸ್ ಹೊಟ್ಟೆನೋವೆಂದು ಸುಳ್ಳು ಹೇಳಿ ರಜೆ ಹಾಕಿ ಹೊರಟ. ದಾರಿಯಲ್ಲಿ ಆ ಹೊಟ್ಟೆನೋವು ನಿಜವೇ ಆಯಿತು.

ಊದ್ ಮೇಥಾದಲ್ಲಿ ಪಟವನ್ನು ವಿಕ್ಟರ್‌ನ ಕೈಗಿತ್ತು ಕಾರು ನಿಲ್ಲಿಸಲು ಜಾಗ ಹುಡುಕಿದ. ಸುತ್ತಿ ಸುತ್ತಿ, ಕಡೆಗೆ ಎಲ್ಲೋ ಸಿಕ್ಕಿಸಿ, ಬೆವರಿಳಿಸಿಕೊಂಡು ವಾಪಸು ಬಂದರೆ ಕಂಪ್ಯೂಟರಿನಲ್ಲಿ ಮಗು ಗುಲಾಬಿ ಫ್ರಾಕು ತೊಟ್ಟು ನಿಂತಿತ್ತು. ಎಲೆಯಡಿಕೆ ಹಾಕಿದಂಥ ಕೆಂಪು ತುಟಿ. ಕಿವಿಯಲ್ಲಿ ಫಳಫಳ ಲೋಲಾಕು.

"ಇದೆಂತದು ವಿಕ್ಟರ್?"

"ಅಜ್ಜಿಗೆ ಸ್ವಲ್ಪ ಚಂದ ಮಾಡ್ಲಿಕ್ಕೆ ಕ್ಯಾಮಿಲಸ್ ಹೇಳಿದ್ದು. ಕಿವಿ ಖಾಲಿ ಇತ್ತು, ನಾನೇ ಹಾಕಿದೆ. ಅದಕ್ಕೆ ಬೇರೆ ಚಾರ್ಜ್ ಇಲ್ಲ."

ಮೋಹನದಾಸ್ ಆ ಮುಖವನ್ನೇ ನೋಡುತ್ತ ನಿಂತ. ಅಷ್ಟು ಚಂದ ಮಾಡಿದ ಮೇಲೂ ಅದರ ಅಳು ಹೋಗಿರಲಿಲ್ಲ. ಈ ಮುಖ ತನಗೆ ಗೊತ್ತು! ಊರಿನ ಮನೆಯ ಚಾವಡಿಯಲ್ಲಿ ಅವನದೇ ಒಂದು ಫೋಟೊ ಇತ್ತು. ತಿರುಪತಿಯ ಹರಕೆಯೆಂದು ಅವನ ಕೂದಲನ್ನು ಐದು ವರ್ಷ ಬೆಳೆಸಿದ್ದರು. ಮುಡಿ ಕೊಡಲು ಹೊರಡುವ ದಿನ ಅಮ್ಮ ಅವನಿಗೆ ರೇಷ್ಮೆ ಲಂಗ ಉಡಿಸಿ, ಮೊಗ್ಗಿನ ಜಡೆ ಹಾಕಿ, ಹಿಂದೆ ಜಡೆ ಕಾಣಲೆಂದು ಕನ್ನಡಿಯ ಮುಂದೆ ನಿಲ್ಲಿಸಿ ಫೋಟೊ ತೆಗೆಸಿದ್ದಳು. ಅದೇ ಬಿಗಿದ ತುಟಿ, ಅದೇ ಅವಮಾನ.

"ವಿಕ್ಟರ್, ಇದು ಹುಡುಗ!"

"ಫ್ರಾಕ್ ಹಾಕಿದ ಹುಡುಗನಾ? ನಿಮಗೆ ಮಂಡೆ ಸಮ ಉಂಟಾ?"

"ಬೈತಲೆ ಬದಿಗೆ ಉಂಟು ನೋಡಿ. ಕೈಯಲ್ಲಿ ಚಾಟಿ ಉಂಟು. ಹುಡುಗಿ ಆಗಿದ್ರೆ ಬೊಂಬೆ ಕೊಡ್ತಿದ್ರು."

ವಿಕ್ಟರ್ ನಂಬದೆ ಇಂಟರ್ನೆಟ್ಟಿನಲ್ಲಿ ಹುಡುಕಿದ. ಆ ಕಾಲದ ಬಿಳಿಯರ ಗಂಡುಮಕ್ಕಳು ಸಾಲಾಗಿ ಬಂದು ನಿಂತರು. ಕೆಲವರಿಗೆ ಫ್ರಾಕು, ಕೆಲವರಿಗೆ ಲೇಸಿನ ಕಾಲರಿನ ವೆಲ್ವೆಟ್ ಸೂಟು, ಇನ್ನು ಕೆಲವರಿಗೆ ನಾವಿಕರ ಅಂಗಿ. ತಲೆಯ ತುಂಬ ಸುರುಳಿ ಕೂದಲು.

"ಅರೆ ಜೇಜು! ಎಲ್ಲ ಗಂಡುಗಳೇ!"

ಅಷ್ಟರಲ್ಲಿ ಹೆಂಡತಿ ಹರಿಣಾಕ್ಷಿಯ ಫೋನು ಬಂತು. ಕ್ಯಾಮಿಲಸ್ ಅವಳಿಗೂ ಸುದ್ದಿ ಮುಟ್ಟಿಸಿದ್ದ. ಪಟದಲ್ಲಿರುವುದು ಹುಡುಗನೆಂದು ಮೋಹನದಾಸ್ ಹೇಳಿದ. "ಇವ್ರೇ, ನಾನು ಹೇಳುವುದು ಕೇಳಿ. ಗಂಡೋ ಹೆಣ್ಣೋ ನಮಗ್ಯಾಕೆ? ಹಳದಿ ಹಾಕ್ಸಿ. ಹಳದಿ ಆದ್ರೆ ಇಬ್ಬರಿಗೂ ಆಗ್ತದೆ."

ಜೀವಮಾನದಲ್ಲಿ ಮೊದಲ ಸಲ ಮೋಹನದಾಸ್ ಯಾರ ಮಾತನ್ನೂ ಕೇಳಲಿಲ್ಲ. ಲೋಲಾಕು ಕಳಚಿಸಿದ, ತುಟಿ ಒರೆಸಿದ, ಫ್ರಾಕನ್ನು ಮತ್ತೆ ಬಿಳಿ ಮಾಡಿಸಿ ಸೊಂಟದ ಪಟ್ಟಿಗೆ ಮಾತ್ರ ಕಡುನೀಲಿ ಹಾಕಿಸಿದ. ಹಳೆಯ ಪಟಕ್ಕೆ ಹೊಸ ಗಾಜು ಹಾಕಿಸಿದ. ಎರಡನ್ನೂ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಟ್ರಾಫಿಕ್ಕಿನಲ್ಲಿ ಕಂಡಕಂಡ ದೇವರಿಗೆಲ್ಲ ಹರಕೆ ಹೇಳುತ್ತ ಆಫೀಸು ತಲುಪಿದಾಗ ಸಾಹೇಬರು ಬಂದು ಕುರ್ಚಿಯಲ್ಲಿ ಕೂತಾಗಿತ್ತು. ಎದುರಿಗೆ ಕ್ಯಾಮಿಲಸ್ ಕೈಕಟ್ಟಿ ನಿಂತು, "ಗ್ರ್ಯಾಂಡ್‌ಮದರ್ ಗೋಯಿಂಗ್ ರಿಪೇರಿ, ಸರ್" ಎಂದು ವಿವರಿಸುತ್ತಿದ್ದ.

ಮೋಹನದಾಸ್ ತಪ್ಪೊಪ್ಪಿಕೊಂಡು, ಹುಡುಗನೆಂದು ತಿಳಿದೇ ನೀಲಿ ಪಟ್ಟಿ ಹಾಕಿಸಿದೆನೆಂದು ಹೇಳಿ ಎರಡು ಪಟಗಳನ್ನೂ ಮುಂದಿಟ್ಟ. ಸಾಹೇಬರು ಬಣ್ಣದ ಪಟವನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ತೇವವಾಯಿತು.

"ಈ ಕೋಣೆಗೆ ಬಂದವರೆಲ್ಲ ನಿಮ್ಮ ಅಜ್ಜಿ ಮುದ್ದಾಗಿದ್ದರು ಅನ್ನುತ್ತಾರೆ," ಎಂದರು ಇಂಗ್ಲಿಷಿನಲ್ಲಿ. "ಹುಡುಗ ಎಂದು ಕಂಡವನು ನೀನೊಬ್ಬನೇ ಮೋಹನ್. ಇವರು ನನ್ನ ಅಜ್ಜ. ಈ ಫೋಟೊ ತೆಗೆದ ಮರುದಿನ ಬೆಳಗ್ಗೆ ಕ್ಷೌರಿಕ ಬಂದು ಸುರುಳಿಯೆಲ್ಲ ಕತ್ತರಿಸಿದ. ಚಡ್ಡಿ ತೊಡಿಸಿ ಬೋರ್ಡಿಂಗ್ ಶಾಲೆಗೆ ಅಟ್ಟಿದರು. ವಾರಗಟ್ಟಲೆ ಅತ್ತರಂತೆ. ಆಮೇಲೆ ಹಡಗಿನ ಕಪ್ತಾನರಾದರು!"

ಮೋಹನದಾಸನ ಎದೆಯಲ್ಲಿ ಹರ್ಷಿತ್ ಪರೀಕ್ಷೆ ಬರೆದು ಪಾಸೂ ಆದ.

"ಪಟ ಹಿಡಿದು ನಿಲ್ಲು, ನನ್ನ ತಂಗಿಗೆ ಕಳಿಸುತ್ತೇನೆ," ಎಂದು ಸಾಹೇಬರು ಮೊಬೈಲ್ ಎತ್ತಿದರು. "ನಗು!" ಅವನು ಮನಸಾರೆ ನಕ್ಕ. ಫೋಟೊ ಆಯಿತು. ಕ್ಯಾಮಿಲಸ್‌ನನ್ನು ಹೊರಗೆ ಕಳಿಸಿ ಸಾಹೇಬರು ತಾವೇ ಎದ್ದು ಬಾಗಿಲು ಹಾಕಿದರು.

"ಬೆಳಗ್ಗೆಯಿಂದ ನನಗೆ ಇದೇ ತಲೆನೋವು ಮೋಹನ್. ನೀನು ಸುಲಭ ಮಾಡಿಕೊಟ್ಟೆ. ಇಷ್ಟು ಸೂಕ್ಷ್ಮ ಕಣ್ಣಿರುವವನಿಗೆ ಎಲ್ಲಿ ಹೋದರೂ ಕೆಲಸ ಸಿಗುತ್ತದೆ. ಪಾಪ, ಕ್ಯಾಮಿಲಸ್‌ನನ್ನು ಹೊರಗೆ ಬಿಟ್ಟರೆ ಯಾರು ಇಟ್ಟುಕೊಳ್ಳುತ್ತಾರೆ ಹೇಳು? ನನ್ನ ಅಜ್ಜನ ಹಾಗೆ ಧೈರ್ಯವಾಗಿ ಹೊರಡು."

ಅವರು ಕೈ ಕುಲುಕಿದರು. ಮೋಹನದಾಸ್ ಥ್ಯಾಂಕ್ಸ್ ಕೂಡ ಹೇಳಿದ. ಹೇಳಿದ ನಾಲಗೆಯನ್ನು ಕಚ್ಚಿಕೊಳ್ಳಬೇಕೆನಿಸಿತು. ಲೋಲಾಕು ಹಾಗೇ ಬಿಟ್ಟಿದ್ದರೆ ಅವನ ಮಗ ಇಲ್ಲೇ ಪರೀಕ್ಷೆ ಬರೆಯುತ್ತಿದ್ದ.

ಹೊರಗೆ ಕ್ಯಾಮಿಲಸ್ ಗೋಡಂಬಿಯ ಪೊಟ್ಟಣ ಬಿಚ್ಚಿ ಕೂತಿದ್ದ. "ಬಾಸ್‌ಗೆ ನಟ್ಸ್ ಆಗುವುದಿಲ್ಲಂತೆ, ನನಗೆ ಕೊಟ್ರು. ಖುಷಿ ಆದ್ರಲ್ಲ? ಪ್ರೀತಿಯವ ಆಗ್ತಿ ಅಂತ ನಾನು ಹೇಳಿದ್ದಲ್ವಾ!"

ಲಿಫ್ಟಿನಲ್ಲಿ ಹರಿಣಾಕ್ಷಿಯ ಫೋನು.

"ಎಂತಾಯ್ತು ಇವ್ರೇ? ಮೆಚ್ಚಿದ್ರಾ?"

"ತುಂಬಾ ಮೆಚ್ಚಿದ್ರು. ನನ್ನನ್ನು ನಿಲ್ಲಿಸಿ ಫೋಟೊ ಕೂಡ ತೆಗೆದ್ರು."

"ಅಬ್ಬಾ, ದೇವರು ದೊಡ್ಡವ! ಮತ್ತೆ?"

"ಮತ್ತೆ ಎಂತ ಮಾರಾಯ್ತಿ? ಚಾವಡಿಯಲ್ಲಿ ನನ್ನ ಜಡೆಯ ಫೋಟೊ ಉಂಟಲ್ಲ, ಅದು ತೆಗೆದ ಮೇಲೆ ಎಂತ ಮಾಡಿದ್ದು?"

"ತಲೆ ಬೋಳಿಸಿದ್ದು... ಅಯ್ಯೋ ದೇವರೇ!" ಎಂದಳು ಹರಿಣಾಕ್ಷಿ. ಲಿಫ್ಟಿನ ಕನ್ನಡಿಯಲ್ಲಿ ಬಿಗಿದ ತುಟಿಯ ಅದೇ ಮುಖ ಕಂಡಿತು. ಮೋಹನದಾಸನ ಕೈ ತಾನಾಗಿ ಮೇಲೆದ್ದು ತಲೆಯನ್ನೊಮ್ಮೆ ಸವರಿ ನೋಡಿಕೊಂಡಿತು.