ಮೋರೋಪಂತರ ಮಧ್ಯಾಹ್ನದ ನಿದ್ದೆ ಮತ್ತು ಜಿರಳೆ ಸಂಹಾರ

ಪುಣೆಯ ಸದಾಶಿವ ಪೇಟೆಯಲ್ಲಿ ಚಕ್ಕುಲಿ, ಹಪ್ಪಳ ಮಾರುವ ಮೋರೋಪಂತ ಕರಂದೀಕರರು ವ್ಯಾಪಾರ ಮಾಡುತ್ತಿರಲಿಲ್ಲ, ಗಿರಾಕಿಗಳನ್ನು ಉದ್ಧಾರ ಮಾಡುತ್ತಿದ್ದರು. (ದುಡ್ಡು ತೆಗೆದುಕೊಳ್ಳುವುದು ಬರೀ ಲೋಕರೂಢಿಗೆ.) ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿಗೆ ಬೀಗ, ಹಿಂದಿನ ಕೋಣೆಯೇ ಮನೆ, ಅಲ್ಲಿ ಪಂತರ ಯೋಗನಿದ್ರೆ. ಆಗ ಸಾಕ್ಷಾತ್ ಗಣಪತಿಯೇ ಮೋದಕ ಕೇಳಿ ಬಂದರೂ "ನಾಲ್ಕರ ಮೇಲೆ ಬಾ" ಎನ್ನುವ ಆಸಾಮಿ.

ಇಂಥ ನಿದ್ದೆಗೆ ಜಿರಳೆಗಳು ಕಲ್ಲು ಹಾಕಿದವು. ಇವರು ಅಂಗಡಿ ಮುಚ್ಚಿದೊಡನೆ ಅವು ತೆರೆಯುತ್ತಿದ್ದವು. ಒಂದಂತೂ ಪಂತರ ಹೊಟ್ಟೆಯ ಮೇಲೆಯೇ ವಾಯುವಿಹಾರ ನಡೆಸಿತು. ಹೆಂಡತಿ ನಳಿನಿ ಕೀಟನಾಶಕದ ಸ್ಪ್ರೇ ತಂದಿಟ್ಟಳು.

"ಸರ್ಕಾರದಲ್ಲಿ ನೋಂದಣಿ ಆಗಿದ್ಯೇನೇ?"

"ಹೂಂರೀ, ನಂಬರೂ ಇದೆ. ನಮ್ಮ ಮದುವೆಗೇ ಇಲ್ಲ. ಹೊಡೆದ್ಮೇಲೆ ಮೂರು ಗಂಟೆ ಯಾರೂ ಒಳಗಿರಬಾರ್ದಂತೆ, ತಿನ್ನೋ ಪದಾರ್ಥಾನೂ ಇರಬಾರ್ದಂತೆ. ಭಾನುವಾರ ಸಂಜೆ ಅಂಗಡಿ ಮುಚ್ಚಿ ಹೊಡೆಯೋಣ."

"ವ್ಯಾಪಾರದ ಹೊತ್ತಿನಲ್ಲಾ? ತಲೆ ನೆಟ್ಟಗಿದ್ಯಾ? ಒಂದರಿಂದ ನಾಲ್ಕು ಹೇಗೂ ಮುಚ್ಚಿರತ್ತಲ್ಲ!"

"ಮತ್ತೆ ನಿಮ್ಮ ನಿದ್ದೆ?"

"ಪೇಟೆ ತುಂಬ ನನ್ನ ಸ್ನೇಹಿತರಿದ್ದಾರೆ. ಕೆಂಪು ಕಂಬಳಿ ಹಾಸ್ತಾರೆ."

"ಹಾಸ್ಲಿ. ಆದ್ರೆ ಎದುರುಮನೆ ಗೋದುತಾಯಿ ಮುಂದೆ ಮಾತ್ರ ಬಾಯಿ ಬಿಡ್ಬೇಡಿ. ತಿಂಡಿ ಅಂಗಡೀಲಿ ಜಿರಳೆ ಅಂತ ಗೊತ್ತಾದ್ರೆ ಸಂಜೆಯೊಳಗೆ ಊರಿಗೆಲ್ಲ ಹಂಚ್ತಾರೆ. ಆಮೇಲೆ ನಮ್ಮ ಚಕ್ಕುಲಿ ನಾವೇ ತಿನ್ಬೇಕು."

ಮರುದಿನ ನಳಿನಿ ತಿಂಡಿಯ ಡಬ್ಬಗಳೊಂದಿಗೆ ಆಟೋ ಹತ್ತಿ ತಂಗಿಯ ಮನೆಗೆ ಹೋದಳು. (ಆಟೋದಲ್ಲಿ ಗಂಡನಿಗೆ ಜಾಗ ಉಳಿಯಲಿಲ್ಲ.) ಪಂತರು ವೀರಾವೇಶದಿಂದ ಮೂಲೆಮೂಲೆಗೂ ಔಷಧಿ ಹೊಡೆದು, ಬೀಗ ಹಾಕಿ, ದಿಂಬು ಬಗಲಿಗಿಟ್ಟುಕೊಂಡು ಗೆಳೆಯ ದಾತೆಯ ಮನೆಗೆ ನಡೆದರು. ಬಾಗಿಲಲ್ಲಿ ಫಲಕ: "ಒಂದರಿಂದ ನಾಲ್ಕರವರೆಗೆ ಬಾಗಿಲು ತಟ್ಟಬೇಡಿ. ಒಳಗಿರುವವರು ಸತ್ತಿಲ್ಲ, ಮಲಗಿದ್ದಾರೆ." ಪಂತರು ತಟ್ಟಿದರು. ಕಿಟಕಿಯಿಂದ ದಾತೆಯ ದನಿ ಬಂತು.

"ಓದಕ್ಕೆ ಬರಲ್ವೇನೋ?"

"ಅದನ್ನ ಬರೆದುಕೊಟ್ಟವನೇ ನಾನು ಕಣೋ!"

"ಹಾಗಿದ್ರೆ ಇನ್ನೂ ನಾಚಿಕೆಗೇಡು."

ಕಿಟಕಿ ಮುಚ್ಚಿತು. ಇಡೀ ಓಣಿಯ ಫಲಕಗಳೆಲ್ಲ ಪಂತರದೇ ಉಚಿತ ಸಾಹಿತ್ಯಸೇವೆ. ಮುಂದಿನ ಮನೆಯಲ್ಲಿ, "ಬಂದ ದಾರಿಯಲ್ಲೇ ಹೋಗಬಹುದು. ಬೀಳ್ಕೊಡಲು ಯಾರೂ ಏಳುವುದಿಲ್ಲ." ಪ್ರತಿ ಬಾಗಿಲೂ ಅವರ ಮಾತಿನಲ್ಲೇ ಅವರನ್ನು ಅಟ್ಟಿತು. ಬಿಸಿಲಿಗೆ ಬೆಂದು ಕೊನೆಗೆ ತಮ್ಮ ಅಂಗಡಿಯ ಮೆಟ್ಟಿಲ ಮೇಲೆಯೇ ದಿಂಬಿಗೊರಗಿ ನಿದ್ದೆಹೋದರು.

"ಮೋರೋಪಂತ, ಏಳಪ್ಪಾ!"

ನಾಲ್ಕಕ್ಕೆ ಮುಂಚೆಯೇ ಗೋದುತಾಯಿ ಪ್ರತ್ಯಕ್ಷ. ಹೋದ ವಾರ ಮಂಡಿನೋವೆಂದು ಇದೇ ಮೆಟ್ಟಿಲ ಮೇಲೆ ಕೂತ ಈ ಮುದುಕಿಯನ್ನು ಪಂತರು ಬಾಗಿಲ ಮೇಲಿನ ತಮ್ಮ ಫಲಕ ಓದಿಸಿ ಎಬ್ಬಿಸಿದ್ದರು. ಈಗ ಆಕೆ ಕನ್ನಡಕ ಏರಿಸಿ, ಓಣಿಗೆಲ್ಲ ಕೇಳುವಂತೆ ಅದನ್ನೇ ಓದಿದರು: "ಮನೆಯಿಂದ ಹೆಂಡತಿ ಹೊರಹಾಕಿದವರು ಮಾತ್ರ ಇಲ್ಲಿ ಕೂರಬಹುದು."

ಕಿಟಕಿಗಳು ಒಂದೊಂದಾಗಿ ತೆರೆದವು. ದಾತೆಯೂ ಇಣುಕಿದ.

"ನಿಜವೇನಪ್ಪಾ? ಇಲ್ಲಾ, ಒಳಗೆ ಬೇರೆ ಏನಾದ್ರೂ ನಡೀತಿದ್ಯೋ? ಏನೋ ವಾಸನೆ ಬರ್ತಿದೆ."

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಒಂದು ಜಿರಳೆ ತೂರಾಡುತ್ತ ಬಂತು. ಪಂತರು ಮೆಲ್ಲನೆ ಸರಿದು ಅದರ ಮೇಲೆ ದಿಂಬು ಇಟ್ಟರು, ದಿಂಬಿನ ಮೇಲೆ ತಾವು ಕೂತರು.

"ಬೇರೆ ಏನೂ ಇಲ್ಲ ತಾಯೀ," ಎಂದರು ತಲೆ ತಗ್ಗಿಸಿ. "ನಳಿನಿ ಹೊರಗೆ ಹಾಕಿದ್ಲು."