ಮಾನ್ವಿಯ ಸಮುದ್ರ, ದೊಡ್ಡಿಯ ಸಿಗ್ನಲ್

ಕೆಲವರು ವರ್ಷಕ್ಕೊಮ್ಮೆ ನಗೆಪಾಟಲಾಗುತ್ತಾರೆ. ನನ್ನದು ಸಂಸತ್ತಿನ ಅಧಿವೇಶನಕ್ಕೊಂದರಂತೆ ವರ್ಷಕ್ಕೆ ಮೂರು ಸಲ, ತಪ್ಪಿದ್ದೇ ಇಲ್ಲ. ರಾಯಚೂರಿನಲ್ಲಿ ಮೇಲ್ಮನೆಯ ಸದಸ್ಯರೊಬ್ಬರಿಗೆ ನಾನು ಆಪ್ತ ಸಹಾಯಕ. ಅಧಿವೇಶನ ಇದ್ದಾಗ ದಿಲ್ಲಿ, ಇಲ್ಲದಾಗ ಬಸ್ ಸ್ಟ್ಯಾಂಡಿನ ಹಿಂದಿನ ಎರಡು ಕೋಣೆಯ ಕಚೇರಿ. ಸಾಹೇಬರ ಹೆಸರು ಹೇಳುವುದಿಲ್ಲ. ಅವರ ಮರ್ಯಾದೆ ಸದನದಲ್ಲಿ ಹೋದದ್ದೇ ಸಾಕು, ಅದು ಹೋದದ್ದೂ ನನ್ನಿಂದಲೇ. ಈ ಪ್ರಸಂಗಗಳನ್ನು ಹೇಳುವಾಗ ಕೇಳುವವರು ನಗುತ್ತಾರೆ, ನಾನೂ ಜೊತೆಗೆ ನಗುತ್ತೇನೆ. ಆದರೆ ಕಿವಿ ಬಿಸಿಯಾಗುವುದು ಇನ್ನೂ ನಿಂತಿಲ್ಲ.

ಮಾನ್ವಿಗೆ ಸುನಾಮಿ

ಸಂಸದರು ಮಂತ್ರಿಗಳಿಗೆ ಪ್ರಶ್ನೆ ಕೇಳುತ್ತಾರಲ್ಲ, ಅವನ್ನು ಬರೆಯುವವರು ಬಹುಮಟ್ಟಿಗೆ ನಮ್ಮಂಥವರು. ಹದಿನೈದು ದಿನ ಮೊದಲೇ ಕೊಡಬೇಕು, ಇಷ್ಟು ಗಂಟೆಯೊಳಗೆ ಅಂತ ಗಡುವು ಬೇರೆ. ನಮ್ಮ ಜಿಲ್ಲೆಯ ತೊಂದರೆಗಳು ಕಡಿಮೆಯೇನಿಲ್ಲ. ಆದರೆ ಗಡುವಿನ ದಿನ ಬೆಳಿಗ್ಗೆ ಒಂದೂ ನೆನಪಿಗೆ ಬರುವುದಿಲ್ಲ.

ಅಂಥದೊಂದು ಬೆಳಿಗ್ಗೆ ದಿಲ್ಲಿಯ ಚಹದ ಅಂಗಡಿಯಲ್ಲಿ ಸಮುದ್ರ ತೀರದ ರಾಜ್ಯದ ಸಂಸದರೊಬ್ಬರ ಸಹಾಯಕ ಸಿಕ್ಕ. ತಾನು ಬರೆದ ಐದು ಪ್ರಶ್ನೆಗಳ ಪ್ರತಿಯನ್ನು ಧಾರಾಳವಾಗಿ ಕೊಟ್ಟು, ಊರಿನ ಹೆಸರಷ್ಟೇ ಬದಲಿಸಿಕೋ ಅಂದ. ಹೇಳಿದ ಮಾತು ಮೀರುವವನಲ್ಲ ನಾನು. ಊರಿನ ಹೆಸರಷ್ಟನ್ನೇ ಬದಲಿಸಿದೆ. ಸಾಹೇಬರು ನನ್ನ ಮೇಲೆ ನಂಬಿಕೆ ಇಟ್ಟವರು, ಓದದೆ ಸಹಿ ಹಾಕಿದರು.

ಎರಡು ವಾರದ ಮೇಲೆ ಅದು ಅಚ್ಚಾಗಿ ಬಂತು. ಮಾನ್ವಿ ತಾಲ್ಲೂಕಿನ ಮೀನುಗಾರರಿಗೆ ಸುನಾಮಿಯ ಮುನ್ನೆಚ್ಚರಿಕೆ ಸಕಾಲಕ್ಕೆ ತಲುಪುತ್ತಿಲ್ಲ ಎಂಬುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು? ಮಾನ್ವಿಯಿಂದ ಸಮುದ್ರ ನೋಡಬೇಕೆಂದರೆ ಎರಡು ಬಸ್ಸು, ಒಂದು ರೈಲು ಬದಲಿಸಬೇಕು. ಇಲಾಖೆಯವರು ಬಹಳ ಗೌರವದಿಂದ ಉತ್ತರ ಕೊಟ್ಟಿದ್ದರು. ಮಾನ್ವಿ ಕರಾವಳಿಯಲ್ಲಿ ಇಲ್ಲದಿರುವುದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ.

ಊರಿನ ವಾಟ್ಸಾಪು ಗುಂಪುಗಳಲ್ಲಿ ಅದು ಹರಿದಾಡಿತು. ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿದುಹೋಗುತ್ತಿತ್ತು. ಮುಂದಿನ ವಾರ ಮಾನ್ವಿಗೆ ಹೋದಾಗ ನನ್ನ ಖಾಯಂ ಹೋಟೆಲ್ಲಿನವನು ಬಾಣಲೆಯ ಮುಂದಿನಿಂದಲೇ ಕೈಮುಗಿದ.

"ಸಾಬ್ರ, ಸುನಾಮಿ ಬರೋದಿದ್ರ ಒಂದೀಟು ಮೊದಲ ಹೇಳ್ರಿ. ಮಿರ್ಚಿ ಎಣ್ಣಿಯಿಂದ ತಗದಬಿಡ್ತೀನಿ."

ಒಂದೇ ಬೆಳಿಗ್ಗೆ ಮುಗಿದ ಪಟ್ಟಿ

ಆ ಮೇಲೆ ಮೈಯೆಲ್ಲ ಕಣ್ಣಾಗಿ ಕೆಲಸ ಮಾಡಬೇಕು ಅಂದುಕೊಂಡೆ. ಅಷ್ಟರಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಹಳ್ಳಿಗಳ ಪಟ್ಟಿ ಕಳಿಸಿ ಎಂದು ದೂರಸಂಪರ್ಕ ಇಲಾಖೆಯಿಂದ ಸಂಸದರ ಕಚೇರಿಗಳಿಗೆಲ್ಲ ಪತ್ರ ಬಂತು. ಹಳ್ಳಿಗಳ ಹೆಸರು, ಎದುರಿಗೆ ಎರಡು ಚೌಕ: ಇದೆ, ಇಲ್ಲ.

ಹಳ್ಳಿಹಳ್ಳಿಗೆ ಹೋಗಿ ನೋಡು ಅಂದರು ಸಾಹೇಬರು. ಬಿಸಿಲು ರಾಯಚೂರಿನದು. ಹಂಚು ಕಾದಂತೆ ಕಾದ ರಸ್ತೆಯಲ್ಲಿ ದೇವದುರ್ಗದ ಒಳಹಳ್ಳಿಗಳನ್ನು ತಿರುಗುವ ಬದಲು ನನ್ನ ತಲೆ ಓಡಿತು. ಪಂಚಾಯಿತಿಗಳಿಂದ ಊರಿಗೊಬ್ಬರ ನಂಬರ್ ತರಿಸಿದೆ. ಬೆಳಿಗ್ಗೆ ಎಂಟಕ್ಕೆ ಫ್ಯಾನಿನ ಕೆಳಗೆ ಕೂತು ಒಂದೊಂದಕ್ಕೇ ಫೋನ್ ಹಚ್ಚಿದೆ. ಎತ್ತಿದರೆ 'ಇದೆ', ಎತ್ತದಿದ್ದರೆ 'ಇಲ್ಲ'. ಮಲ್ಲಟದವರು ಎತ್ತಿದರು. ಬಾಗಲವಾಡದವರು ಎತ್ತಿ, ಊಟಕ್ಕೆ ಬರ್ರಿ ಅಂದರು. ಜಾಲಹಳ್ಳಿಯ ಆಚೆ ಒಳಗೊಂದು ದೊಡ್ಡಿ ಇದೆ. ನಮ್ಮ ಕಡೆ ಕುರಿಗಾರರು ನೆಲೆನಿಂತ ಸಣ್ಣ ಊರಿಗೆ ದೊಡ್ಡಿ ಅನ್ನುತ್ತಾರೆ. ಅಲ್ಲಿ ಒಬ್ಬ ಹೆಣ್ಣುಮಗಳು ಮೊದಲನೆಯ ರಿಂಗಿಗೇ ಎತ್ತಿ, "ಕೇಳ್ತದ, ಹೇಳ್ರಿ" ಅಂದಳು. ಗಂಟೆ ಹೊಡೆದ ಹಾಗೆ ಕೇಳಿಸಿತು. ಏನೂ ಇಲ್ಲವ್ವಾ, ಕೇಳಿದರೆ ಸಾಕು ಎಂದು ಇಟ್ಟು 'ಇದೆ' ಎಂಬಲ್ಲಿ ಗುರುತು ಹಾಕಿದೆ.

ಬೇರೆ ಕಚೇರಿಗಳು ತಿಂಗಳು ತೆಗೆದುಕೊಂಡ ಪಟ್ಟಿಯನ್ನು ನಾನು ಮಧ್ಯಾಹ್ನದ ನಮಾಜಿಗೆ ಮೊದಲು ಮುಗಿಸಿ, ಸಾಹೇಬರ ಮೊಹರು ಒತ್ತಿ ಕಳಿಸಿದೆ. ಸಾಹೇಬರು ಬೆನ್ನು ತಟ್ಟಿ, ಅಷ್ಟೂ ಊರು ಒಂದೇ ದಿನದಾಗ ಹೆಂಗ ತಿರಿಗಿದಿ ಅಂದರು. ಕೆಲಸ ಗೊತ್ತಿರಬೇಕ್ರಿ ಸಾಹೇಬ್ರ ಅಂದೆ. ಆ ಮಾತನ್ನು ಈಗ ನೆನೆದರೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತೇನೆ.

ಮೂರು ನಿಮಿಷ

ಕೆಲವು ತಿಂಗಳ ಮೇಲೆ ಕಚೇರಿಗೆ ಒಬ್ಬ ಹಿರಿಯರು ಬಂದರು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಮಡಚಿದ ಅರ್ಜಿ. ಆ ದೊಡ್ಡಿಯ ಕುರಿಗಾರ ಯಜಮಾನರು. ಅವರೂರಿನಲ್ಲಿ ಸಿಗ್ನಲ್ ಇಲ್ಲ. ಹಿಂದಿನ ವರ್ಷ ಹಿರಿಸೊಸೆಗೆ ಹೆರಿಗೆ ನೋವು ಬಂದಾಗ ಮಗ ಓಡಿಹೋಗಿ ಆಂಬುಲೆನ್ಸಿಗೆ ಫೋನ್ ಹಚ್ಚಿ ಬರುವಷ್ಟರಲ್ಲಿ ಕೂಸು ಹುಟ್ಟಿಯೇ ಬಿಟ್ಟಿತ್ತು. ದೇವರು ದೊಡ್ಡವನು, ತಾಯಿ ಮಗು ಉಳಿದವು.

"ಈಗ ಸಣ್ಣ ಸೊಸಿಗಿ ಐದು ತಿಂಗಳ್ರಿ," ಅಂದರು. "ದೇವರಿಗಿ ಮತ್ತೊಮ್ಮಿ ತ್ರಾಸ ಕೊಡೋದು ಚಲೋ ಅಲ್ಲ."

ಊರಿನ ಹೆಸರು ಎಲ್ಲೋ ಕೇಳಿದಂತಾಯಿತು. ಎಲ್ಲಿ ಅಂತ ಯೋಚಿಸುವ ಗೋಜಿಗೆ ಹೋಗಲಿಲ್ಲ. ಈ ಅಧಿವೇಶನದಲ್ಲೇ ಸಾಹೇಬರು ಮಾತಾಡುತ್ತಾರೆ ಎಂದು ಎದೆಯ ಮೇಲೆ ಕೈ ಇಟ್ಟು ಮಾತು ಕೊಟ್ಟೆ.

ಬೆಳಗಿನ ಶೂನ್ಯ ವೇಳೆಯಲ್ಲಿ ಸದಸ್ಯರಿಗೆ ಸಿಗುವುದು ಮೂರು ನಿಮಿಷ. ಮೂರು ಮುಗಿದ ಕೂಡಲೇ ಮೈಕು ತಾನಾಗಿಯೇ ಬಂದ್ ಆಗುತ್ತದೆ. ನನಗದು ಗೊತ್ತಿತ್ತು. ಆದರೆ ನಾನು ಭಾಷಣ ಬರೆಯಲು ಕಲಿತದ್ದು ರಾಯಚೂರಿನ ವೇದಿಕೆಗಳಲ್ಲಿ. ಇಲ್ಲಿ ವೇದಿಕೆಯ ಮೇಲಿನವರು, ಮುಂದೆ ಕೂತವರು, ಶಾಮಿಯಾನ ಹಾಕಿಸಿದವರು ಎಲ್ಲರನ್ನೂ ನೆನೆಯದೆ ಮಾತು ಶುರುಮಾಡಿದರೆ ಅಹಂಕಾರ ಬಂದಿದೆ ಅನ್ನುತ್ತಾರೆ. ಅದೇ ರೂಢಿಯಲ್ಲಿ ಸಭಾಪತಿಗಳಿಗೆ ವಂದನೆ, ಎರಡು ನದಿಗಳ ನಡುವಿನ ನಮ್ಮ ನೆಲ, ಕೋಟೆ, ಚಿನ್ನದ ಗಣಿ, ಭತ್ತ, ಹತ್ತಿ ಎಲ್ಲ ಬರೆದು ಕೊಟ್ಟಿದ್ದೆ. ಸಾಹೇಬರು ಹಿಂದಿಯಲ್ಲಿ ಬಹಳ ಚೆಂದ ಓದಿದರು. ಹತ್ತಿ ಮುಗಿಸಿ, ನೀರು ಕುಡಿದು, "ಈಗ ವಿಷಯಕ್ಕೆ ಬರುತ್ತೇನೆ" ಅಂದರು. ಮೈಕು ಬಂದ್ ಆಯಿತು.

ರಾಯಚೂರಿನಲ್ಲಿ ಟಿ.ವಿ. ಮುಂದೆ ಕೂತಿದ್ದ ನಮ್ಮ ಅಮ್ಮಿ ಆ ಸಂಜೆ ಫೋನಿನಲ್ಲಿ ದಖನಿ ಉರ್ದುವಿನಲ್ಲೇ ಬೈದಳು. "ಶರಮ್ ನೈ ಆತಿ ಕ್ಯಾ ರೇ ತುಜೆ?" ನಾಚಿಕೆ ಆಗುವುದಿಲ್ಲವೇನೋ ನಿನಗೆ ಅಂತ. ಆಗುತ್ತದೆ ಅಮ್ಮಿ ಅಂದೆ. ಆಗದೆ ಏನು.

ಯಜಮಾನರೂ ಜಾಲಹಳ್ಳಿಗೆ ಬಂದು ಯಾರದೋ ಅಂಗಡಿಯ ಟಿ.ವಿ.ಯಲ್ಲಿ ನೋಡಿದ್ದರಂತೆ. ಮರುವಾರ ಕಚೇರಿಗೆ ಬಂದು ನನ್ನನ್ನೇ ಸಮಾಧಾನ ಮಾಡಿದರು.

"ಸಾಹೇಬ್ರು ಭಾಳ ಚಂದ ಮಾತಾಡಿದ್ರು ಬಿಡ್ರಿ. ನಮ್ಮೂರು ಬರೋದ್ರಾಗ ಕರೆಂಟ್ ಹೋತು. ದಿಲ್ಲ್ಯಾಗೂ ನಮ್ಮಂಗ ತಗೀತಾರೇನ್ರೀ?"

ಹಿಂಡು

ಮುಂದಿನ ಅಧಿವೇಶನಕ್ಕೆ ನಾನು ಆ ದೊಡ್ಡಿಯ ಬಗ್ಗೆ ಒಂದೇ ಒಂದು ಪ್ರಶ್ನೆ ಬರೆದೆ. ನದಿ ಇಲ್ಲ, ಕೋಟೆ ಇಲ್ಲ. ಯಾರ ಪ್ರಶ್ನೆ ಮೊದಲು ಎಂದು ಚೀಟಿ ಎತ್ತುವುದರಲ್ಲಿ ಅದೃಷ್ಟವೂ ಕೂಡಿಬಂತು. ನಮ್ಮದು ಚುಕ್ಕೆ ಗುರುತಿನ ಪ್ರಶ್ನೆಯಾಯಿತು, ಅದೂ ಆ ದಿನದ ಎರಡನೆಯದು. ಚುಕ್ಕೆ ಬಿದ್ದರೆ ಮಂತ್ರಿ ಎದ್ದುನಿಂತು ಬಾಯಿಂದಲೇ ಉತ್ತರ ಹೇಳಬೇಕು, ನಮ್ಮವರು ಅದರ ಮೇಲೆ ಮರುಪ್ರಶ್ನೆ ಹಾಕಬಹುದು. ಆ ಹೊತ್ತಿಗೆ ಸಣ್ಣ ಸೊಸೆಗೆ ಎಂಟು ತಿಂಗಳು ತುಂಬಿತ್ತು. ಯಜಮಾನರು ಕಣ್ಣಾರೆ ನೋಡಲಿ ಎಂದು ಸಾಹೇಬರು ಪಾಸ್ ಮಾಡಿಸಿ ದಿಲ್ಲಿಗೆ ಕರೆಸಿದರು.

ಬಾಗಿಲಲ್ಲಿ ಫೋನು, ಕಂಬಳಿ, ಎಲೆ ಅಡಿಕೆ ಚೀಲ ಎಲ್ಲ ಇಡಿಸಿಕೊಂಡರು. ಕಂಬಳಿ ಕೊಡುವಾಗ ಯಜಮಾನರ ಮುಖ ಸ್ವಲ್ಪ ಸಣ್ಣದಾಯಿತು. ಮೇಲಿನ ಗ್ಯಾಲರಿಯಲ್ಲಿ ಕೂತ ಮೇಲೆ ಕಾಲ ಮೇಲೆ ಕಾಲು ಹಾಕಬೇಡಿ, ಮಾತಾಡಬೇಡಿ, ಕೈ ಚಾಚಬೇಡಿ ಎಂದು ಕಾವಲಿನವರು ಬಂದುಬಂದು ಹೇಳಿದರು. ಯಜಮಾನರು ಗದ್ದಲ ಮಾಡದೆ ಕೂತು ಕೆಳಗೆ ಒಮ್ಮೆ ಕಣ್ಣಾಡಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು.

"ಇಪ್ಪತ್ಮೂರು ಅದಾರ್ರಿ. ಉಳಿದವರು ಎಲ್ಲಿ ಮೇಯಾಕ ಹೋಗ್ಯಾರ?"

ಕುರಿಗಾರನ ಕಣ್ಣು. ಹಿಂಡನ್ನು ಒಂದೇ ನೋಟಕ್ಕೆ ಎಣಿಸುತ್ತದೆ. ಸದನ ನಡೆಯಲು ಕನಿಷ್ಠ ಇಪ್ಪತ್ತೈದು ಜನ ಬೇಕು. ಯಾರೋ ಅದನ್ನೇ ಎತ್ತಿ ಹೇಳಿದರು, ಕೋರಂ ಗಂಟೆ ಹೊಡೆಯತೊಡಗಿತು. ಬಾಗಿಲುಗಳಿಂದ ಸದಸ್ಯರು ಬಾಯಿ ಒರೆಸಿಕೊಳ್ಳುತ್ತ ಬಿರಬಿರನೆ ಒಳಗೆ ಬಂದರು. ಯಜಮಾನರು ಮೆಚ್ಚಿ ತಲೆಯಾಡಿಸಿದರು.

"ಗಂಟಿಗಿ ಬರ್ತಾರ. ಚಲೋ ಹಿಂಡು."

ನಾನು ನಗು ತಡೆಯಲು ತುಟಿ ಕಚ್ಚಿದೆ. ನಾನು ಆ ದಿನ ನಕ್ಕದ್ದು ಅದೇ ಕೊನೆ.

ಕೇಳ್ತದ, ಹೇಳ್ರಿ

ಹನ್ನೆರಡಕ್ಕೆ ಪ್ರಶ್ನೋತ್ತರ ಶುರುವಾಯಿತು. ಮಂತ್ರಿಗಳ ಉತ್ತರದ ಪ್ರತಿ ಬೆಳಿಗ್ಗೆಯೇ ನಮಗೆ ಬಂದಿತ್ತು. ಸದರಿ ಗ್ರಾಮದಲ್ಲಿ ಸಿಗ್ನಲ್ ಇದೆ ಎಂದು ಒಂದೇ ಸಾಲು. ನೋಡಿ ನನಗೆ ಮೈ ಉರಿದಿತ್ತು. ಹಸಿ ಸುಳ್ಳು, ಬಿಡಬೇಡ್ರಿ, ಈ ಮಾಹಿತಿ ಎಲ್ಲಿಂದ ಬಂತು ಅಂತ ಮಂತ್ರಿಗಳನ್ನು ಗಟ್ಟಿಯಾಗಿ ಕೇಳ್ರಿ ಎಂದು ಸಾಹೇಬರನ್ನು ಹುರಿದುಂಬಿಸಿ ಒಳಗೆ ಕಳಿಸಿದವನು ನಾನೇ.

ಸಾಹೇಬರು ಎದ್ದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ನೋಡಿದ್ದೇ ಇಲ್ಲ. ಬಡ ಕುರಿಗಾರರ ಊರಿಗೆ ಸಿಗ್ನಲ್ ಇದೆ ಎಂದು ಈ ಪವಿತ್ರ ಸದನದಲ್ಲಿ ಸುಳ್ಳು ಹೇಳಲು ನಿಮಗೆ ಮಾಹಿತಿ ಕೊಟ್ಟ ಬೇಜವಾಬ್ದಾರಿ ಮನುಷ್ಯ ಯಾರು, ಅವನ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತೀರಿ ಎಂದು ಮೇಜು ಕುಟ್ಟಿ ಕೇಳಿದರು. ಅಕ್ಕಪಕ್ಕದವರೂ ಮೇಜು ಕುಟ್ಟಿದರು.

ಮಂತ್ರಿಗಳು ನಿಧಾನವಾಗಿ ಒಂದು ಹಾಳೆ ಎತ್ತಿ ಹಿಡಿದರು. ಈ ಮಾಹಿತಿ ಮಾನ್ಯ ಸದಸ್ಯರ ಕಚೇರಿಯಿಂದಲೇ, ಮಾನ್ಯ ಸದಸ್ಯರ ಮೊಹರಿನೊಂದಿಗೆ ಬಂದಿದೆ, ಕ್ರಮವನ್ನು ಅವರ ವಿವೇಚನೆಗೇ ಬಿಡುತ್ತೇನೆ ಅಂದರು.

ಇಡೀ ಸದನ ನಕ್ಕಿತು. ಆಳುವವರು, ವಿರೋಧದವರು ಆ ವಾರದಲ್ಲಿ ಮೊದಲ ಸಲ ಒಂದಾಗಿದ್ದರು. ಸಾಹೇಬರು ಕೂತು, ತಲೆ ಎತ್ತಿ ಗ್ಯಾಲರಿಯ ಕಡೆ ನೋಡಿದರು. ನನ್ನ ಪಕ್ಕದಲ್ಲಿ ಯಜಮಾನರೂ ನಗುತ್ತಿದ್ದರು. ಹಿಂದಿ ಬಾರದ ಅವರು, ಎಲ್ಲರೂ ಇಷ್ಟು ಖುಷಿಯಾಗಿದ್ದಾರೆಂದರೆ ಟವರ್ ಬಂದೇ ಬಂತು ಎಂದುಕೊಂಡಿದ್ದರು. ಮಾತಾಡಬಾರದಲ್ಲ, ಕಣ್ಣಲ್ಲೇ ನನಗೆ ಶುಭಾಶಯ ಹೇಳಿದರು. ನೆಲ ಬಿರಿದು ನುಂಗಬಾರದೇ ಅನ್ನುತ್ತಾರಲ್ಲ, ನಾನು ಕೂತದ್ದು ಮಹಡಿಯ ಮೇಲೆ, ಆ ಅನುಕೂಲವೂ ಇರಲಿಲ್ಲ.

ಹೊರಗೆ ಬಂದ ಮೇಲೆ ಸಾಹೇಬರು ಸಿಕ್ಕರು. "ಮಾನ್ವ್ಯಾಗ ಸಮುದ್ರ ತಂದಿದ್ದಿ, ಅದೇ ಚಲೋ ಇತ್ತಲ್ಲೋ" ಎಂದು ಹೊರಟುಹೋದರು.

ಯಜಮಾನರು ಕಂಬಳಿ, ಫೋನು ಬಿಡಿಸಿಕೊಂಡು ಬಂದು, ಟವರ್ ಯಾವಾಗ ನಿಲ್ಲಸ್ತಾರಂತ್ರಿ ಅಂದರು. ಸುಳ್ಳು ಹೇಳಬಹುದಿತ್ತು. ಆದರೆ ಫುಟ್‌ಪಾತಿನ ಮೇಲೆ ನಿಂತು ಎಲ್ಲ ಹೇಳಿದೆ. ಮಂತ್ರಿ ಹೇಳಿದ್ದು, ಸದನ ನಕ್ಕಿದ್ದು, ಪಟ್ಟಿ ಮಾಡಿದವನು ನಾನೇ ಎಂಬುದು. ಫ್ಯಾನಿನ ಕೆಳಗೆ ಕೂತು ಬೆಳಿಗ್ಗೆ ಎಂಟಕ್ಕೆ ಫೋನ್ ಹಚ್ಚಿದ್ದು, ಅವರೂರಿನ ಹೆಣ್ಣುಮಗಳು ಮೊದಲನೆಯ ರಿಂಗಿಗೇ ಎತ್ತಿದ್ದು. ಎತ್ತಿದ ಮೇಲೆ ಸಿಗ್ನಲ್ ಇದ್ದಂತೆಯೇ ಅಲ್ಲವೇ ಯಪ್ಪಾ ಎಂದು ಕೊನೆಗೆ ಸಣ್ಣ ದನಿಯಲ್ಲಿ ಸೇರಿಸಿದೆ.

ಅವರು ಬೈಯಲಿಲ್ಲ. ತಮ್ಮ ಸಣ್ಣ ಗುಂಡಿ ಫೋನಿನಲ್ಲಿ ನಂಬರ್ ಒತ್ತಿ ಇಬ್ಬರ ನಡುವೆ ಹಿಡಿದರು. ಗಂಟೆ ಒಂದಾಗಿತ್ತು. ಮೊದಲನೆಯ ರಿಂಗಿಗೇ ಎತ್ತಿದರು.

"ಕೇಳ್ತದ, ಹೇಳ್ರಿ."

ಅದೇ ದನಿ. ಯಜಮಾನರ ಹೆಂಡತಿ. ಎಲ್ಲಿ ಕುಂತಿ ಎಂದು ಯಜಮಾನರು ಕೇಳಿದರು. ಎಲ್ಲಿ ಕುಂದರ್ಲಿ, ನೀವು ಒಂದಕ್ಕ ಹಚ್ಚತೀನಂದಿದ್ರಿ, ಹನ್ನೆರಡಕ್ಕ ಗುಡ್ಡ ಏರಿ ಗುಂಡಿನ ಮ್ಯಾಲ ಕುಂತೀನಿ, ಬಿಸಿಲಿಗಿ ತಲಿ ಒಡಿಯಾಕತ್ತೈತಿ ಅಂದಳು. ಊರ ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ದೊಡ್ಡ ಬಂಡೆಯಂತೆ. ಅದರ ಮೇಲೆ ಹತ್ತಿದರಷ್ಟೇ ಫೋನು. ದಿನಾ ಬೆಳಿಗ್ಗೆ ಎಂಟಕ್ಕೆ ಊರಿನವರೊಬ್ಬರು ಸರದಿಯ ಮೇಲೆ ಎಲ್ಲರ ಫೋನು ಹಿಡಿದು ಹತ್ತಿ, ಬರುವ ಕರೆಗಳಿಗೆ ಕಾದು ಕೂರುತ್ತಾರಂತೆ. ನಾನು ಫೋನ್ ಹಚ್ಚಿದ ದಿನ ಈಕೆಯ ಸರದಿ.

ಯಜಮಾನರು ನನ್ನ ಮುಖವನ್ನೇ ನೋಡುತ್ತ ಹೆಂಡತಿಗೆ ಹೇಳಿದರು.

"ಇನ್ನ ಅಲ್ಲಿ ಕುಂದರಬ್ಯಾಡ. ನಮ್ಮೂರಾಗ ಸಿಗ್ನಲ್ ಅದ ಅಂತ ಸರ್ಕಾರ ಹೇಳ್ಯಾದ. ಮಾತಾಡಕೋಂತ ಮನಿಗಿ ನಡಿ."

"ಹೌದೇನ್ರೀ?" ಅಂದಿತು ದನಿ. ಬಳೆ ಸದ್ದು, ಸಣ್ಣ ಕಲ್ಲು ಜಾರಿದ ಸದ್ದು. ಸಣ್ಣ ಸೊಸಿಗಿ ಮೊದಲ ಹೇಳ್ತೀನಿ ತಡೀರಿ, ಪಾಪ ಅಂಜಿಕೊಂಡು ಕುಂತಾಳ ಅನ್ನುತ್ತಿದ್ದಳು. ಮಾತು ಅರ್ಧಕ್ಕೇ ಕಡಿಯಿತು.

ಯಜಮಾನರು ಅದೇ ನಂಬರನ್ನು ಮತ್ತೆ ಒತ್ತಿ, ಈ ಸಲ ಫೋನನ್ನು ನನ್ನ ಕಿವಿಗೆ ಹಿಡಿದರು. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬಳು ಶುದ್ಧ ಕನ್ನಡದಲ್ಲಿ ಹೇಳಿದಳು. ಎರಡನೆಯ ಸಲವೂ ಹೇಳಿದಳು. ಮೂರನೆಯ ಸಲ ಹೇಳುವವರೆಗೂ ಯಜಮಾನರು ಫೋನು ತೆಗೆಯಲಿಲ್ಲ.

"ಇಳಿದ್ಳು, ಸಾಬ್ರ," ಅಂದರು. "ಈಗ ಪಟ್ಟ್ಯಾಗ ಬರಕೋರಿ."